ಎರಡನೇ ಪಿಚ್‌ನ ಆ ಫ್ಲೇಕ್

ಮಗಳೇ,

ನಾಳೆ ಬಂಡೆ ಹತ್ತಲು ಹೊರಡುತ್ತೀಯ. ನಿನ್ನೆ ಮಾತು ಮುಗಿಯುವ ಮೊದಲೇ ಫೋನಿಟ್ಟವನು ನಾನು, ತಪ್ಪು ನನ್ನದೇ. ಆದರೆ ರೂಟಿನ ವಿವರ ಓದಿ "ಎರಡನೇ ಪಿಚ್ ಬರೀ ಫ್ಲೇಕ್, ಸಲೀಸು" ಅಂದೆಯಲ್ಲ, ಅಂದರೆ ಹಗ್ಗದ ಎರಡನೇ ಹಂತವೆಲ್ಲ ಬಂಡೆಚಕ್ಕೆ ಅಂತ, ಅದಕ್ಕೆ ಕೂಗಾಡಿದ್ದು ತಪ್ಪು, ಹೆದರಿದ್ದು ತಪ್ಪಲ್ಲ.

ಮಿಕ್ಕ ಪದಗಳ ಚಿಂತೆ ನನಗಿಲ್ಲ. ಅರೀಟ್ ಅಂದರೆ ಹೊರಮೂಲೆ, ಡೈಹೆಡ್ರಲ್ ಅಂದರೆ ತೆರೆದ ಪುಸ್ತಕದಂಥ ಒಳಮೂಲೆ, ಆಫ್‌ವಿಡ್ತ್ ಅಂದರೆ ಮುಷ್ಟಿಗೆ ದೊಡ್ಡದು, ಮೈಗೆ ಚಿಕ್ಕದಾದ ಬಿರುಕು ಎಂದು ಹೊಸಬರಿಗೆ ನೀನು ಬಿಡಿಸಿ ಹೇಳುವುದನ್ನು ಕೇಳಿ ಒಳಗೊಳಗೇ ಹಿಗ್ಗಿದ್ದೇನೆ. ಒಂದೇ ತಿದ್ದುಪಡಿ: 'ಎಡಮುಖದ ಮೂಲೆ' ಎಂದಿದ್ದರೆ ಚಾಚಿಕೊಂಡ ಗೋಡೆ ನಿನ್ನ ಬಲಕ್ಕಿರುತ್ತದೆ, ಅದರ ಮುಖ ಎಡಕ್ಕೆ. ಇದನ್ನು ನೀನು ಯಾವಾಗಲೂ ತಿರುಗುಮುರುಗು ಮಾಡುತ್ತೀಯ.

ಇನ್ನು ಫ್ಲೇಕ್. ತಾಯಿಬಂಡೆಯಿಂದ ಒಂದು ಕಡೆ ಬಿಟ್ಟುಕೊಂಡು ಇನ್ನೊಂದು ಕಡೆ ಅಂಟಿಕೊಂಡಿರುವ ಚಕ್ಕೆ. ಬೆರಳ ತುದಿ ಸಿಗುವಷ್ಟು ತೆಳುವಿದ್ದರೂ ಫ್ಲೇಕೇ. ಅಮೆರಿಕದ ಎಲ್ ಕ್ಯಾಪಿಟನ್ ಬಂಡೆಯ ನೋಸ್ ರೂಟಿನಲ್ಲಿ, ಬೆನ್ನ ಹಿಂದಿನ ಸಂದಿನಲ್ಲಿ ಇಡೀ ಮೈ ತೂರಿಸಿ ಚಿಮಣಿಯಂತೆ ಹತ್ತಬೇಕಾದ ಟೆಕ್ಸಸ್ ಫ್ಲೇಕ್ ಕೂಡ ಫ್ಲೇಕೇ. ಪದ ಹೇಳುವುದು ಆಕಾರವನ್ನು ಮಾತ್ರ. ಎಲ್ಲಿ ಅಂಟಿಕೊಂಡಿದೆ, ಎಷ್ಟು ಅಂಟಿಕೊಂಡಿದೆ ಎಂಬುದನ್ನು ಹೇಳುವುದೇ ಇಲ್ಲ.

ಕ್ರಿಂಪ್, ಅಂದರೆ ಬೆರಳ ತುದಿಯಷ್ಟೇ ಹಿಡಿಯುವ ಸಣ್ಣ ಅಂಚು, ಕೈಕೊಟ್ಟರೆ ನೀನು ಬೀಳುತ್ತೀಯ, ಹಗ್ಗ ಹಿಡಿಯುತ್ತದೆ. ಫ್ಲೇಕ್ ಕೈಕೊಟ್ಟರೆ ಅದೂ ಬೀಳುತ್ತದೆ, ಕೆಳಗೆ ನಿನ್ನ ಗೆಳತಿ ನಿಂತಿರುತ್ತಾಳೆ.

ಆದ್ದರಿಂದ ಮೊದಲು ತಟ್ಟು. ಒಂದು ಅಂಗೈಯನ್ನು ಚಕ್ಕೆಯ ಮೇಲೆ ಒತ್ತಿಟ್ಟು ಇನ್ನೊಂದು ಕೈಯ ಗೆಣ್ಣಿನಿಂದ ಬಡಿ. ಗಟ್ಟಿ ಬಂಡೆಯಿಂದ ಮೊಂಡು ಸದ್ದಷ್ಟೇ ಬರುತ್ತದೆ. ಡೊಳ್ಳಿನ ಹಾಗೆ ಟೊಳ್ಳು ಸದ್ದು ಬಂದು ಅಂಗೈಗೆ ನಡುಕ ತಾಗಿದರೆ ಅನುಮಾನಪಡು. ಅಂಟಿನ ಜಾಗದಲ್ಲಿ ಮಾಸದ, ತಿಳಿಬಣ್ಣದ ಹೊಸ ಬಿರುಕಿದೆಯೇ ನೋಡು. ಯಾರಾದರೂ ಚಾಕ್‌ನಲ್ಲಿ ಗುಣಿಸು ಗುರುತು ಹಾಕಿದ್ದರೆ ಮುಟ್ಟಲೇಬೇಡ.

ನಿನಗೆ ಲೇಬ್ಯಾಕ್ ಚಟ, ಗೊತ್ತು. ಆದರೆ ಅದರಲ್ಲಿ ಕೈ ಅಂಚನ್ನು ಎಳೆಯುತ್ತದೆ, ಕಾಲು ಗೋಡೆಯನ್ನು ಒದೆಯುತ್ತದೆ. ಚಕ್ಕೆಯನ್ನು ಮೀಟಿ ತೆಗೆಯುವ ಕೆಲಸವೇ ಅದು. ಅನುಮಾನವಿದ್ದಲ್ಲಿ ಭಾರ ಕಾಲಿನ ಮೇಲಿರಲಿ, ಕೈ ಕೆಳಮುಖವಾಗಿ ಮಾತ್ರ ಎಳೆಯಲಿ.

ಚಕ್ಕೆಯ ಹಿಂದಿನ ಸಂದು ಕಂಡ ತಕ್ಷಣ ಕ್ಯಾಮ್, ಅಂದರೆ ಬಿರುಕಿನೊಳಗೆ ಹಿಗ್ಗಿ ಕಚ್ಚಿಕೊಂಡು ಹಗ್ಗ ಹಿಡಿಯುವ ಸಾಧನ, ತುರುಕಬೇಡ. ನೀನು ಬಿದ್ದರೆ ಕ್ಯಾಮ್ ಹೊರಕ್ಕೆ ತಳ್ಳುವ ಬಲ ಬಿದ್ದ ಭಾರಕ್ಕಿಂತ ಹೆಚ್ಚು. ತೆಳು ಚಕ್ಕೆ ಕೂದಲೆಳೆಯಷ್ಟು ಹಿಗ್ಗಿದರೂ ಕ್ಯಾಮ್ ಜಾರಬಹುದು, ಕೆಳಗೆ ಆಗಲೇ ಹಾಕಿದ್ದೂ ಸಡಿಲಾಗಬಹುದು. ಬುಡ ಭದ್ರವಾಗಿದ್ದು ಮೇಲ್ತುದಿ ಕೊಂಬಿನಂತೆ ಬಿಟ್ಟುಕೊಂಡಿದ್ದರೆ 120 ಸೆಂ.ಮೀ. ಸ್ಲಿಂಗ್, ಅಂದರೆ ಪಟ್ಟಿಯ ಕುಣಿಕೆ, ಅದಕ್ಕೆ ಹಾಕು, ಎಳೆತ ಕೆಳಮುಖಕ್ಕೆ ಹೋಗುತ್ತದೆ. ಅಂಚು ಚೂಪಾಗಿದ್ದರೆ ಹಗ್ಗ ಅದಕ್ಕೆ ಉಜ್ಜದಂತೆ ನೋಡಿಕೊ.

ಪಾಠ ಮಾಡುವುದಿಲ್ಲ ಎಂದುಕೊಂಡೇ ಬರೆಯಲು ಕೂತದ್ದು. ನನ್ನ ಹಣೆಬರಹ.

ರೂಟ್ ಆರಿಸಿದ್ದು ಚೆನ್ನಾಗಿದೆ. ಮೊದಲ ಪಿಚ್‌ನ ಸ್ಲ್ಯಾಬ್, ಆ ಓರೆ ಬಂಡೆ, ನಿನ್ನ ಕಾಲಿಗೆ ಹೇಳಿ ಮಾಡಿಸಿದ್ದು. ಅದು ಮುಗಿದ ಮೇಲೆ ಗೆಳತಿಯನ್ನು ಫ್ಲೇಕಿನ ನೇರ ಕೆಳಗೆ ನಿಲ್ಲಿಸಬೇಡ, ಅವಳನ್ನು ಬಂಡೆಗೆ ಕಟ್ಟುವ ಆ್ಯಂಕರನ್ನು ಪಕ್ಕಕ್ಕೆ ಹಾಕು. ಬ್ಯಾಗಿನ ಮೇಲೆ ಎರಡು ಹೆಲ್ಮೆಟ್ ಕಟ್ಟಿದ್ದೇನೆ. ಕೆಂಪು ಅವಳಿಗೆ.

ಅಪ್ಪ