ಕೆಳಗೆ ರೂಟ್ ಇದ್ದರೆ ಅಂಕ ಕಳೆಯಬೇಕೇ?

ಮಾನ್ಯರೇ,

ನಮ್ಮ ಅಣ್ಣನ ಮಗಳು ಹತ್ತನೇ ತರಗತಿಯ ಕಿರುಪರೀಕ್ಷೆಯಲ್ಲಿ ಗೋಪುರದ ಎತ್ತರ 30/√3 ಮೀಟರ್ ಎಂದು ಬರೆದಿದ್ದಳು. ಅರ್ಧ ಅಂಕ ಹೋಯಿತು. 10√3 ಎಂದು ಬರೆಯಬೇಕಿತ್ತಂತೆ. ಎರಡೂ ಒಂದೇ, ಸುಮಾರು 17.32 ಮೀಟರ್. ಅಕರಣೀಕರಿಸಿ, ಅಂದರೆ ಬೆಲೆ ಬದಲಾಗದಂತೆ ಛೇದದಲ್ಲಿರುವ ರೂಟ್ ತೆಗೆಯಿರಿ, ಎಂದು ಪ್ರಶ್ನೆಯಲ್ಲಿ ಎಲ್ಲೂ ಇರಲಿಲ್ಲ.

ನಾನು ಪಿಯು ತರಗತಿಗೆ ಗಣಿತ ಪಾಠ ಮಾಡುವವನು. ಛೇದದಲ್ಲಿ 2 − √3 ಇದ್ದರೆ ಮೇಲೂ ಕೆಳಗೂ 2 + √3ರಿಂದ ಗುಣಿಸಬೇಕು ಅನ್ನೋದು ನಮ್ಮಲ್ಲಿಗೆ ಬರುವ ಮಕ್ಕಳಿಗೆಲ್ಲ ಗೊತ್ತಿರುತ್ತದೆ. ಯಾಕೆ ಅಂತ ಕೇಳಿದರೆ ಮಾತ್ರ, ‘ಕೆಳಗೆ ರೂಟ್ ಇರಬಾರದು ಸಾರ್’ ಅನ್ನುತ್ತಾರೆ. ಯಾಕಿರಬಾರದು? ಉತ್ತರವಿಲ್ಲ.

ಕಾರಣ ತೋರಿಸೋದು ಕಷ್ಟವೇನಲ್ಲ. ಕ್ಯಾಲ್ಕ್ಯುಲೇಟರ್ ಇಲ್ಲದೆ 1ನ್ನು 1.4142ರಿಂದ ಭಾಗಿಸಲು ಹೇಳಿ, ಬೆವರಿಳಿಯುತ್ತದೆ. ಆಮೇಲೆ 1/√2ನ್ನು √2/2 ಮಾಡಿಸಿ, 1.4142ರಲ್ಲಿ ಅರ್ಧ ಕೇಳಿ. 0.7071 ಅಂತ ಬಾಯಲ್ಲೇ ಹೇಳುತ್ತಾರೆ. ಕೈಲೆಕ್ಕದ ಕಾಲದ ಉಪಾಯ ಇದು. ಛೇದದ ಒಂದು ಕರಣಿಯ (ರೂಟ್ ಇರುವ ಪದದ) ಚಿಹ್ನೆ ಬದಲಿಸಿ ಮೇಲೂ ಕೆಳಗೂ ಗುಣಿಸುವ ಈ ಕ್ರಮವನ್ನು ಏಳನೇ ಶತಮಾನದಲ್ಲೇ ಬ್ರಹ್ಮಗುಪ್ತ ಹೇಳಿದ್ದ.

ಈಗ ಮೊಬೈಲ್‌ನಲ್ಲೇ ಕ್ಯಾಲ್ಕ್ಯುಲೇಟರ್ ಇದೆ, ಹಾಗಾದರೆ ಇದು ಬೇಡ ಅಲ್ವಾ ಅಂತ ಕೆಲವರು ಕೇಳುತ್ತಾರೆ. ಬೇಕು. 1/(√2 + 1), 1/(√3 + √2), ಹೀಗೇ 1/(√9 + √8)ವರೆಗೆ ಎಂಟು ಭಿನ್ನರಾಶಿಗಳನ್ನು ಕೂಡಿಸಬೇಕು ಅಂದುಕೊಳ್ಳಿ. ಹಾಗೇ ಕೂಡಿಸಹೊರಟರೆ ತಲೆ ಕೆಡುತ್ತದೆ. ಒಂದೊಂದನ್ನೂ ಅಕರಣೀಕರಿಸಿದರೆ √2 − 1, √3 − √2 ಅಂತ ಸಾಲಾಗಿ ಬಂದು, ನಡುವಿನದೆಲ್ಲ ಒಂದಕ್ಕೊಂದು ಹೊಡೆದುಹೋಗಿ 3 − 1 ಉಳಿಯುತ್ತದೆ. ಉತ್ತರ 2! ಮುಂದೆ ಪಿಯುಸಿಯಲ್ಲಿ ಸಂಕೀರ್ಣ ಸಂಖ್ಯೆಗಳನ್ನು (ಕಾಂಪ್ಲೆಕ್ಸ್ ನಂಬರ್ಸ್) ಭಾಗಿಸುವಾಗಲೂ ಇದೇ ಉಪಾಯ.

ಕೆಲವು ಸಲ ಉಲ್ಟಾ ಮಾಡುವುದೇ ಸರಿ. ಎರಡು ದಶಮಾಂಶ ಸ್ಥಾನಗಳಿಗೆ √10001 ಅಂದರೆ 100.00. ಅದರಲ್ಲಿ 100 ಕಳೆದರೆ ಸೊನ್ನೆ ಬರುತ್ತದೆ, ಅದು ತಪ್ಪು. √10001 − 100ನ್ನು 1/(√10001 + 100) ಎಂದು ಬರೆದುಕೊಂಡರೆ, ಅದೇ 100.00 ಇಟ್ಟುಕೊಂಡೇ 0.005 ಸಿಗುತ್ತದೆ. ನಿಜವಾದ ಬೆಲೆಗೆ ತೀರಾ ಹತ್ತಿರ. ಇಲ್ಲಿ ರೂಟ್ ಕೆಳಗೆ ಇದ್ದದ್ದರಿಂದಲೇ ಲೆಕ್ಕ ಉಳಿಯಿತು. ಲಿಮಿಟ್ಸ್ ಪಾಠದಲ್ಲೂ ನಾವು ಎಷ್ಟೋ ಸಲ ರೂಟನ್ನು ಮೇಲಿನಿಂದ ಕೆಳಕ್ಕೆ ತರುತ್ತೇವೆ. ‘ಕೆಳಗೆ ಇರಲೇಬಾರದು’ ಅಂತ ಕಲಿತು ಬಂದವರು ಆಗ ಸುಮ್ನೆ ಗಾಬರಿಯಾಗುತ್ತಾರೆ.

10√3 ನೋಡಲು ಚೆಂದ, ಇನ್ನೊಬ್ಬರ ಉತ್ತರದ ಜೊತೆ ತಾಳೆ ನೋಡಲೂ ಸುಲಭ, ಒಪ್ಪುತ್ತೇನೆ. ಅಕರಣೀಕರಿಸಿ ಎಂದು ಕೇಳಿದಾಗ ಮಾಡದಿದ್ದರೆ ಅಂಕ ಕಳೆಯಲಿ. ಕೇಳದೇ ಇದ್ದಾಗ 30/√3ಕ್ಕೂ ಪೂರ್ಣ ಅಂಕ ಕೊಡಿ ಎಂದು ಮೌಲ್ಯಮಾಪಕರಿಗೆ ಕೊಡುವ ಮಾದರಿ ಉತ್ತರದಲ್ಲಿ ಒಂದು ಸಾಲು ಸೇರಿಸಬೇಕು.

— ಗಣಿತ ಉಪನ್ಯಾಸಕ, ಹಾಸನ