ಬೆಟ್ಟದ ಓಟಕ್ಕೆ ಒಂದೇ ಸೀಟಿ ಸಾಲದು

ಮಾನ್ಯ ಸಂಪಾದಕರೇ,

ಧನುರ್ಮಾಸದ ಚಳಿ ಶುರುವಾಯಿತೆಂದರೆ ಮೈಸೂರಿನಲ್ಲಿ ಸಹಾಯಾರ್ಥ ಓಟಗಳೂ ಶುರುವಾಗುತ್ತವೆ. ಬಡರೋಗಿಗಳ ಚಿಕಿತ್ಸೆಗೋ ವಿದ್ಯಾರ್ಥಿನಿಲಯದ ಕಟ್ಟಡಕ್ಕೋ ಹಣ ಕೂಡಿಸಲು ಒಂದಲ್ಲ ಒಂದು ಸಂಸ್ಥೆ ಭಾನುವಾರದ ನಸುಕಿನಲ್ಲಿ ಊರಿನವರನ್ನು ರಸ್ತೆಗಿಳಿಸುತ್ತದೆ. ದೈಹಿಕ ಶಿಕ್ಷಣ ಶಿಕ್ಷಕನಾಗಿ ಮೂವತ್ತು ವರ್ಷ ಮಕ್ಕಳನ್ನು ಓಡಿಸಿ, ನಿವೃತ್ತಿಯ ನಂತರ ಸ್ವತಃ ಓಡಲು ಹೊರಟ ನನ್ನಂಥವನಿಗೆ ಇದು ಸಂತೋಷದ ಸಂಗತಿಯೇ. ಆದರೆ ಇಂಥ ಓಟವನ್ನು ಚಾಮುಂಡಿ ಬೆಟ್ಟದ ರಸ್ತೆಗೆ ಕೊಂಡೊಯ್ಯುವಾಗ, ಮೈದಾನದಲ್ಲಿ ಬಿಟ್ಟಂತೆ ಸಾವಿರಾರು ಜನರನ್ನು ಒಂದೇ ಸೀಟಿಗೆ ಬಿಡುವ ಪದ್ಧತಿಯನ್ನು ಸಂಘಟಕರು ಕೈಬಿಡಬೇಕೆಂದು ಕೋರಲು ಈ ಪತ್ರ ಬರೆಯುತ್ತಿದ್ದೇನೆ.

ಕಳೆದ ಚಳಿಗಾಲದಲ್ಲಿ ನಾನು ಪಾಲ್ಗೊಂಡ ಓಟದ ಹೆಸರು ಇಲ್ಲಿ ಬೇಡ. ನಡೆಸಿದವರ ಉದ್ದೇಶದಲ್ಲಿ ಕೊರತೆ ಇರಲಿಲ್ಲ. ಆರು ಗಂಟೆಯ ಓಟಕ್ಕೆ ಐದೂಕಾಲಿಗೇ ಬರಹೇಳಿದ್ದರು. ದೀಪ ಬೆಳಗಿ, ಗಣ್ಯರು ಮಾತಾಡಿ, ಪ್ರಾಯೋಜಕರಿಗೆ ಶಾಲು ಹೊದಿಸಿ ಮುಗಿಯುವಷ್ಟರಲ್ಲಿ ಆರೂವರೆ. ಆ ಹೊತ್ತಿನಲ್ಲಿ ಶಾಲು ನಿಜವಾಗಿ ಬೇಕಾಗಿದ್ದದ್ದು ತೆಳ್ಳನೆಯ ಟೀ ಶರ್ಟಿಗೆ ಬಿಬ್ (ಓಟಗಾರನ ಸಂಖ್ಯೆಯ ಚೀಟಿ) ಚುಚ್ಚಿಕೊಂಡು ನಡುಗುತ್ತ ನಿಂತಿದ್ದ ನಮಗೆ. ಸೀಟಿ ಊದಿದರೂ ನಾವು ಹಿಂದಿನವರು ಅಲ್ಲಾಡಲಿಲ್ಲ, ಏಕೆಂದರೆ ಫೋಟೊ ತೆಗೆಸಿಕೊಳ್ಳಲು ಮುಂದೆ ಹೋಗಿ ನಿಂತಿದ್ದ ನಡಿಗೆಯವರು ಇನ್ನೂ ಕೈಬೀಸುತ್ತಿದ್ದರು. ಜನ ಸಡಿಲವಾಗತೊಡಗಿದ ಕೂಡಲೇ ಹಿಂದಿನಿಂದ ನೂಕು ಬಂತು. ನನ್ನ ಮುಂದೆಯೇ ಅಪ್ಪನ ಕೈ ಹಿಡಿದು ಓಡುತ್ತಿದ್ದ ಒಂಬತ್ತು ಹತ್ತು ವರ್ಷದ ಹುಡುಗ, ಬಿಚ್ಚಿದ ಶೂ ಲೇಸು ಕಟ್ಟಿಕೊಳ್ಳಲೆಂದು ಇದ್ದಲ್ಲೇ ಬಗ್ಗಿದ. ಅವನ ಮೇಲೆ ಇಬ್ಬರು ಎಡವಿ ಬಿದ್ದರು. ಹುಡುಗನ ಮಂಡಿ ತರಚಿದ್ದಷ್ಟೇ ನಮ್ಮ ಪುಣ್ಯ. ಅವನನ್ನು ಎತ್ತಿ ಬದಿಗೆ ತರುವುದಕ್ಕೆ ರಸ್ತೆಗೆ ಬದಿಯೇ ಇರಲಿಲ್ಲ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ತಡೆಗೋಡೆ.

ನಗರ ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿದ್ದರೆ ಬೆಟ್ಟದ ತುದಿ ಸುಮಾರು 1,060 ಮೀಟರ್. ಅಂದರೆ ಮುನ್ನೂರು ಮೀಟರ್ ಏರು, ಅದೂ ಸುತ್ತಿ ಬಳಸಿ ಹೋಗುವ ರಸ್ತೆಯಲ್ಲಿ. ಸಮತಟ್ಟಿನ ರಸ್ತೆಯಲ್ಲಿ ಚುರುಕಿನವರು ತಾವಾಗಿ ಮುಂದೆ ಹೋಗುತ್ತಾರೆ, ಮೊದಲ ಕಿಲೋಮೀಟರಿನಲ್ಲೇ ಗುಂಪು ಉದ್ದವಾಗಿ ಹರಡಿಕೊಳ್ಳುತ್ತದೆ. ಏರಿನಲ್ಲಿ ಆಗುವುದು ಇದಕ್ಕೆ ತದ್ವಿರುದ್ಧ. ಮುಂದಿನವರಿಗೆ ದಮ್ಮು ಕಟ್ಟಿ ಅವರು ನಡೆಯಲು ತೊಡಗುತ್ತಾರೆ, ಹಿಂದಿನವರು ಬಂದು ಅವರ ಬೆನ್ನಿಗೆ ಒತ್ತುತ್ತಾರೆ. ಗೆಳೆಯರು ಐದಾರು ಮಂದಿ ಒಂದೇ ಸಾಲಿನಲ್ಲಿ ಹರಟುತ್ತ ನಡೆದರಂತೂ ಅಲ್ಲಿಗೆ ರಸ್ತೆ ಮುಚ್ಚಿದ ಹಾಗೆಯೇ. ಹತ್ತುವವರೂ ಇಳಿಯುವವರೂ ಅದೇ ರಸ್ತೆಯಲ್ಲಿ ಹೋಗಿಬರುವ ಓಟವಾದರೆ ಹತ್ತುವವರಿಗೆ ಸಿಗುವುದು ಅರ್ಧ ರಸ್ತೆ, ಅಲ್ಲಿ ಪಕ್ಕಪಕ್ಕದಲ್ಲಿ ಓಡಬಲ್ಲವರು ಹೆಚ್ಚೆಂದರೆ ನಾಲ್ವರು. ಎರಡು ಸಾವಿರ ಜನ ಎಂದಿಟ್ಟುಕೊಳ್ಳಿ: ಐನೂರು ಸಾಲಾಯಿತು. ಸೆಕೆಂಡಿಗೊಂದು ಸಾಲು ಹೊರಟರೂ ಕೊನೆಯವನು ಗೆರೆ ದಾಟುವುದು ಎಂಟು ನಿಮಿಷದ ಮೇಲೆ. ಇವರೆಲ್ಲರನ್ನೂ ಒಂದೇ ಕ್ಷಣಕ್ಕೆ 'ಹೊರಡಿ' ಎನ್ನುವುದರಲ್ಲಿ ಅರ್ಥವೇನಿದೆ?

ಇಳಿಯುವಾಗಿನ ಕಷ್ಟ ಬೇರೆ. ಏರಿನಲ್ಲಿ ಮೀನಖಂಡ ದುಡಿದರೆ ಇಳಿಜಾರಿನಲ್ಲಿ ತೊಡೆಯ ಮುಂಭಾಗದ ಸ್ನಾಯುಗಳು ಬ್ರೇಕಿನ ಕೆಲಸ ಮಾಡುತ್ತವೆ. ಹಾಗೆ ಎಳೆತಕ್ಕೆ ಸಿಕ್ಕುತ್ತಲೇ ದುಡಿಯುವ ಸ್ನಾಯು ಬೇಗ ಜಖಂ ಆಗುತ್ತದೆ. ಮಾರನೆಯ ದಿನ ಮೆಟ್ಟಿಲಿಳಿಯಲು ಗೋಡೆ ಹಿಡಿಯುವುದು ಇದರಿಂದಲೇ. ಬೆಟ್ಟದಲ್ಲಿ ಅಭ್ಯಾಸ ಮಾಡಿದವರು ಸಣ್ಣ ಸಣ್ಣ ಹೆಜ್ಜೆ ಹಾಕಿ, ಕಾಲನ್ನು ಮೈಯ ಕೆಳಗೇ ಊರಿ, ಒಂದೇ ಲಯದಲ್ಲಿ ಇಳಿಯುತ್ತಾರೆ. ಗುಂಪಿನಲ್ಲಿ ಸಿಕ್ಕಿಬಿದ್ದವನಿಗೆ ಆ ಲಯ ದಕ್ಕುವುದಿಲ್ಲ. ಮುಂದಿನವನು ನಿಂತಾಗಲೆಲ್ಲ ಹಿಮ್ಮಡಿ ಊರಿ ತಡೆದು ನಿಲ್ಲಬೇಕು, ಮತ್ತೆ ಹೊರಡಬೇಕು. ಇನ್ನೊಂದು ಸಂಗತಿಯನ್ನು ಓಡಿದವರಷ್ಟೇ ಬಲ್ಲರು: ಗುಂಪಿನಲ್ಲಿ ಕಣ್ಣಿಗೆ ಕಾಣುವುದು ಮುಂದಿನವನ ಬೆನ್ನೇ ಹೊರತು ರಸ್ತೆಯಲ್ಲ. ಹಂಪು, ಗುಂಡಿ, ಇಬ್ಬನಿಗೆ ನೆನೆದ ತರಗೆಲೆ, ಯಾರೋ ಕುಡಿದೆಸೆದ ಕಾಗದದ ಲೋಟ ಇವೆಲ್ಲ ಗೊತ್ತಾಗುವುದು ಕಾಲಿಗೆ ಸಿಕ್ಕ ಮೇಲೆಯೇ.

ಜನವರಿಯಲ್ಲಿ ಮೈಸೂರಿಗೆ ಸೂರ್ಯ ಕಾಣಿಸುವುದೇ ಆರೂಮುಕ್ಕಾಲರ ಸುಮಾರಿಗೆ. ಅದಕ್ಕೆ ಮೊದಲು ಮರಗಳಡಿಯ ತಿರುವುಗಳಲ್ಲಿ ಕತ್ತಲೆ, ಕೆಲವು ದಿನ ಮಂಜು. ನಮ್ಮದೇನು ಹಿಮ ಬೀಳುವ ಚಳಿಯಲ್ಲ, ಒಪ್ಪುತ್ತೇನೆ. ಚೀನಾದ ಗಾನ್ಸು ಪ್ರಾಂತ್ಯದಲ್ಲಿ 2021ರ ಮೇ ತಿಂಗಳಲ್ಲಿ ನಡೆದ ನೂರು ಕಿಲೋಮೀಟರ್ ಬೆಟ್ಟದೋಟದಲ್ಲಿ ಗಾಳಿ ಮಳೆಗೆ ಸಿಕ್ಕು 21 ಮಂದಿ ಸತ್ತದ್ದನ್ನು ಇಲ್ಲಿ ತಂದು ಹೆದರಿಸುವುದು ನನ್ನ ಉದ್ದೇಶವಲ್ಲ. ಆದರೆ ಮುಕ್ಕಾಲು ಗಂಟೆ ಅಲುಗಾಡದೆ ನಿಂತು ಬಿಗಿದುಹೋದ ಕಾಲನ್ನು ಏಕಾಏಕಿ ಏರಿಗೆ ಹಚ್ಚಿದರೆ ಸ್ನಾಯು ಉಳುಕಲು ಇಷ್ಟು ಚಳಿಯೇ ಸಾಕು. ಉಬ್ಬಸದವರಿಗೆ ತಣ್ಣನೆಯ ಒಣಗಾಳಿಯನ್ನು ಬಾಯಲ್ಲಿ ಎಳೆದುಕೊಳ್ಳುವುದರಿಂದ ಶ್ವಾಸನಾಳ ಬಿಗಿಯುತ್ತದೆ. ಚಳಿಯಲ್ಲಿ ಬಾಯಾರಿಕೆ ತಿಳಿಯದೆ ನೀರನ್ನೇ ಮುಟ್ಟದವರೂ ಇದ್ದಾರೆ. ಮೇಲಿನ ವ್ಯೂ ಪಾಯಿಂಟ್ ಕಡೆ ಗಾಳಿ ಜೋರು. ಬೆವರಿಗೆ ತೊಯ್ದ ಬಟ್ಟೆಯಲ್ಲಿ ಅಲ್ಲಿ ಎರಡು ನಿಮಿಷ ಸೆಲ್ಫಿಗೆ ನಿಂತವನ ಮೈ ಎಷ್ಟು ಬೇಗ ತಣ್ಣಗಾಗುತ್ತದೆಂದು ನಿಂತವನೇ ಹೇಳಬೇಕು.

ನನ್ನನ್ನು ಹೆಚ್ಚು ಕಾಡಿದ್ದು ಮುಗಿಯುವ ಗೆರೆ. ಗೆರೆಯಿಂದ ಹತ್ತು ಹೆಜ್ಜೆಗೆ ಪದಕದ ಮೇಜು, ಅದಕ್ಕೆ ಅಂಟಿಕೊಂಡೇ ಉಪ್ಪಿಟ್ಟು ಕೇಸರಿಬಾತಿನ ಸಾಲು. ಸಾಲು ಬೆಳೆಯುತ್ತ ಬೆಳೆಯುತ್ತ ಗೆರೆಯ ತನಕ ಬಂತು. ಓಡಿ ಬಂದವರು ಇದ್ದಕ್ಕಿದ್ದಂತೆ ನಿಲ್ಲಲೇಬೇಕಾಯಿತು. ಓಡುವಾಗ ಕಾಲಿನ ಸ್ನಾಯುಗಳೇ ರಕ್ತವನ್ನು ಮೇಲಕ್ಕೆ ಒತ್ತುತ್ತಿರುತ್ತವೆ; ಥಟ್ಟನೆ ನಿಂತರೆ ರಕ್ತ ಕಾಲಿನಲ್ಲೇ ಉಳಿದು ತಲೆ ಸುತ್ತುತ್ತದೆ. ನನ್ನ ಪಕ್ಕದಲ್ಲಿ ನಿಂತಿದ್ದ ಒಬ್ಬ ಯುವಕ, ತುಟಿ ಬೆಳ್ಳಗಾಗಿ, 'ಸಾರ್, ಒಂಚೂರು ಹಿಡ್ಕೊಳ್ಳಿ' ಎನ್ನುತ್ತಲೇ ನನ್ನ ತೋಳಿನ ಮೇಲೆ ಕುಸಿದ. ಅಲ್ಲೇ ಮಲಗಿಸಿ, ಅವನ ಎರಡೂ ಕಾಲುಗಳನ್ನು ಎತ್ತಿ ನನ್ನ ತೊಡೆಯ ಮೇಲಿಟ್ಟುಕೊಂಡು ಕೂತೆ. ಎರಡು ನಿಮಿಷದಲ್ಲಿ ಕಣ್ಣು ಬಿಟ್ಟು ಪದಕ ಎಲ್ಲಿ ಎಂದು ಕೇಳಿದ. ಆಂಬುಲೆನ್ಸ್ ಇತ್ತು, ಆದರೆ ಸಾಲಿನ ಆಚೆ ಇತ್ತು. ಕುಸಿದದ್ದು ಹೃದಯದ ತೊಂದರೆಯಿಂದ ಆಗಿದ್ದರೆ ನಾನು ಮಾಡಿದ ಉಪಚಾರದಿಂದ ಏನೂ ಆಗುತ್ತಿರಲಿಲ್ಲ.

ಇದಕ್ಕೆಲ್ಲ ಹೊಸ ವಿದ್ಯೆಯೇನೂ ಬೇಕಿಲ್ಲ. ಅಮೆರಿಕದ ಬಾಸ್ಟನ್ ಮ್ಯಾರಥಾನ್‌ನಲ್ಲಿ 2006ರಿಂದಲೇ ಓಟಗಾರರನ್ನು ತಂಡ ತಂಡವಾಗಿ ಬಿಡುತ್ತಾರೆ. ನಮ್ಮ ಎರಡು ಸಾವಿರ ಜನರನ್ನು ಇನ್ನೂರೈವತ್ತರ ಎಂಟು ತಂಡ ಮಾಡಿ, ನಾಲ್ಕು ನಿಮಿಷಕ್ಕೊಂದು ತಂಡ ಬಿಟ್ಟರೆ ಕೊನೆಯ ತಂಡ ಹೊರಡುವುದು 28 ನಿಮಿಷ ತಡವಾಗಿ. ಚುರುಕಿನವರು ಮೊದಲು, ನಡೆಯುವವರು ಮತ್ತು ಮಕ್ಕಳಿರುವವರು ಕೊನೆಗೆ. ಶೂಗೆ ಅಥವಾ ಬಿಬ್ಬಿಗೆ ಸಮಯ ದಾಖಲಿಸುವ ಚಿಪ್ ಕೊಡುವುದಾದರೆ ಯಾರು ಯಾವಾಗ ಗೆರೆ ದಾಟಿದರೋ ಅಲ್ಲಿಂದಲೇ ಅವರ ಲೆಕ್ಕ, ಯಾರಿಗೂ ನಷ್ಟವಿಲ್ಲ. ಕೊನೆಯ ತಂಡದವರನ್ನು ಐದೂಕಾಲಿಗೆ ಕರೆಸುವ ಅಗತ್ಯವೂ ತಪ್ಪುತ್ತದೆ. ಬೆಳಕು ಹರಿದ ಮೇಲೆ ಬಂದರಾಯಿತು. ಭಾಷಣಗಳನ್ನು ಬಹುಮಾನ ವಿತರಣೆಗೆ ಇಟ್ಟುಕೊಳ್ಳಲಿ, ಆಗ ಎಲ್ಲರ ಕೈಯಲ್ಲೂ ಬಿಸಿ ಕಾಫಿ ಇರುತ್ತದೆ. ರಸ್ತೆಯ ನಡುವೆ ಕೋನ್ ಇಟ್ಟು ಹಗ್ಗ ಕಟ್ಟಿ ಹತ್ತುವವರನ್ನೂ ಇಳಿಯುವವರನ್ನೂ ಬೇರ್ಪಡಿಸಬೇಕು. ಪದಕ, ತಿಂಡಿಯ ಮೇಜುಗಳು ಗೆರೆಯಿಂದ ಇನ್ನೂರು ಹೆಜ್ಜೆ ದೂರ ಇರಬೇಕು. ಬಂದವರು ಅಲ್ಲಿಯವರೆಗೆ ನಡೆಯಲಿ, ಅದೇ ಔಷಧ.

ನ್ಯೂಯಾರ್ಕ್ ಮ್ಯಾರಥಾನ್‌ನಲ್ಲಿ ಚಳಿಗೆಂದು ತೊಟ್ಟುಬಂದ ಹಳೆಯ ಉಡುಪನ್ನು ಓಟಗಾರರು ಹೊರಡುವಾಗ ಅಲ್ಲೇ ಬಿಟ್ಟುಹೋಗುತ್ತಾರೆ, ಅದನ್ನೆಲ್ಲ ಕೂಡಿಸಿ ದಾನಕ್ಕೆ ಕಳಿಸುತ್ತಾರೆ. ಇದು ನಮಗೆ ಹೇಳಿ ಮಾಡಿಸಿದಂತಿದೆ. ಮನೆಯಲ್ಲಿ ಯಾರೂ ತೊಡದ ಸ್ವೆಟರ್ ಒಂದನ್ನು ಪ್ರತಿಯೊಬ್ಬರೂ ತೊಟ್ಟು ಬರಲಿ, ಹೊರಡುವ ಮುಂಚೆ ಚೀಲಕ್ಕೆ ಹಾಕಲಿ. ಅದೇ ರಾತ್ರಿ ಬಸ್ ನಿಲ್ದಾಣದ ಸುತ್ತಮುತ್ತ ಮಲಗುವವರಿಗೆ ಅವು ತಲುಪಿದರೆ ಓಟದ ಹೆಸರಿಗೂ ಒಪ್ಪುತ್ತದೆ. (ಎಲ್ಲರ ಬೀರುವಿನಲ್ಲೂ ರಾಶಿ ಬಿದ್ದಿರುವ ಓಟದ ಟೀ ಶರ್ಟುಗಳನ್ನು ಮತ್ತೆ ಹೊಲಿಸುವ ಖರ್ಚನ್ನು ದಾನದ ಲೆಕ್ಕಕ್ಕೇ ಸೇರಿಸಬಾರದೇ ಎಂಬ ಪ್ರಶ್ನೆ ನನ್ನದು, ಅದನ್ನು ಬೇರೆ ಪತ್ರಕ್ಕೆ ಬಿಡುತ್ತೇನೆ.)

ಕೊನೆಗೆ, ಬೆಟ್ಟ ಓಟಗಾರರದ್ದೊಂದೇ ಅಲ್ಲ. ಸಾವಿರ ಮೆಟ್ಟಿಲುಗಳಿಗೂ ಅರಿಸಿನ ಕುಂಕುಮ ಹಚ್ಚುತ್ತ ಹರಕೆ ತೀರಿಸುವ ಹೆಂಗಸರು ಬೆಟ್ಟದ ನಂದಿ ವಿಗ್ರಹದ ಬಳಿ ರಸ್ತೆಗೆ ಬರುತ್ತಾರೆ; ಅವರು ದಾಟುವವರೆಗೆ ಓಟಗಾರರನ್ನು ತಡೆಯಲು ಅಲ್ಲಿ ಇಬ್ಬರು ಸ್ವಯಂಸೇವಕರು ಬೇಕೇ ಬೇಕು. ನಂದಿಗೆ ಹೋಗುವ ರಸ್ತೆ 2021ರ ಅಕ್ಟೋಬರ್ ಮಳೆಗೆ ಕುಸಿದದ್ದು ಊರಿಗೆಲ್ಲ ನೆನಪಿದೆ. ಆದ್ದರಿಂದ ಎಷ್ಟು ಮಂದಿಗೆ ಬಿಬ್ ಕೊಡಬೇಕೆಂಬುದನ್ನು ರಸ್ತೆಯ ಅಗಲ ನೋಡಿ ನಿರ್ಧರಿಸಬೇಕೇ ಹೊರತು ಎಷ್ಟು ಹಣ ಬರುತ್ತದೆಂದು ನೋಡಿ ಅಲ್ಲ. ಪೊಲೀಸ್ ಇಲಾಖೆಯೂ ಅನುಮತಿ ಕೊಡುವ ಮುನ್ನ ಈ ಸಂಖ್ಯೆಯನ್ನು ಕೇಳಬೇಕು.

ಈ ಚಳಿಗಾಲದ ಓಟದ ಬ್ಯಾನರುಗಳನ್ನು ನಮ್ಮ ಬಡಾವಣೆಯಲ್ಲಿ ಆಗಲೇ ಕಟ್ಟಿದ್ದಾರೆ, ನೋಂದಣಿ ಅರ್ಜಿ ಇನ್ನೂ ಬಂದಿಲ್ಲ. ಆ ಅರ್ಜಿಯಲ್ಲಿ ಹೆಸರು, ವಯಸ್ಸು, ಟೀ ಶರ್ಟಿನ ಅಳತೆ ಕೇಳುವ ಜಾಗದ ಕೆಳಗೆ 'ಹತ್ತು ಕಿಲೋಮೀಟರಿಗೆ ನಿಮಗೆ ಎಷ್ಟು ನಿಮಿಷ ಬೇಕು?' ಎಂಬ ಒಂದು ಸಾಲನ್ನು ಸೇರಿಸಿದರೆ ತಂಡ ಮಾಡುವ ಕೆಲಸ ಅರ್ಧ ಮುಗಿದಂತೆ. ಅರ್ಜಿ ಅಚ್ಚಿಗೆ ಹೋಗುವ ಮೊದಲು ಸಂಬಂಧಪಟ್ಟವರ ಕಣ್ಣಿಗೆ ಬೀಳಲೆಂದು ತಮ್ಮ ಪತ್ರಿಕೆಯಲ್ಲಿ ಇದಕ್ಕೆ ಜಾಗ ಕೊಡಬೇಕಾಗಿ ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ
ಸಿದ್ಧಾರ್ಥನಗರ, ಮೈಸೂರು