ಹಳೇ ರೇಟು ಮೊಬೈಲಿನಲ್ಲಿಲ್ಲ, ನಡುವೆ ಇದೆ

ಸಂಪಾದಕರಿಗೆ ನಮಸ್ಕಾರ.

ಕೋಲಾರದ ಮಾರ್ಕೆಟ್‌ನಲ್ಲಿ ಹರಾಜು ಮುಗಿದು ಮಧ್ಯಾಹ್ನವಾದರೂ ವೆಬ್‌ಸೈಟೊಂದರಲ್ಲಿ ನಿನ್ನೆಯ ಟೊಮೆಟೊ ರೇಟೇ ಕಾಣುತ್ತದೆ ಎಂದು ರೈತರೊಬ್ಬರು ಇದೇ ಅಂಕಣದಲ್ಲಿ ಬರೆದಿದ್ದರು. ಅದಕ್ಕೆ ಇನ್ನೊಬ್ಬರು 'ಮೊಬೈಲ್ ಕ್ಯಾಶ್ (ಮೊಬೈಲ್ ಉಳಿಸಿಟ್ಟುಕೊಂಡ ಹಳೇ ಪ್ರತಿಗಳು) ಕ್ಲಿಯರ್ ಮಾಡಿ, ಸರಿಹೋಗುತ್ತೆ' ಎಂದರು. ಸರಿಹೋಗುವುದಿಲ್ಲ ಸ್ವಾಮಿ.

ಆ ಪುಟವನ್ನು ಕಂಪ್ಯೂಟರ್‌ನಲ್ಲಿ ತೆರೆದು ಅದರ ಹೆಡರ್, ಅಂದರೆ ಪುಟದ ಜೊತೆ ಕಾಣದಂತೆ ಬರುವ ಸೂಚನೆಗಳನ್ನು ನೋಡಿದೆ. ಮ್ಯಾಕ್ಸ್-ಏಜ್ (ಪ್ರತಿ ಇಟ್ಟುಕೊಳ್ಳಬಹುದಾದ ಅವಧಿ) 86400, ಏಜ್ (ಪ್ರತಿಯ ಈಗಿನ ವಯಸ್ಸು) 50400. ಎರಡೂ ಸೆಕೆಂಡಿನ ಲೆಕ್ಕ. ಅಂದರೆ ನಮ್ಮ ಮೊಬೈಲಿಗೂ ಅಸಲಿ ಸರ್ವರಿಗೂ ನಡುವೆ ಇರುವ ಪ್ರಾಕ್ಸಿ ಎಂಬ ಮಧ್ಯವರ್ತಿ ಕಂಪ್ಯೂಟರ್ ಈ ಪುಟದ ಪ್ರತಿಯನ್ನು ಒಂದು ದಿನ ಇಟ್ಟುಕೊಳ್ಳಬಹುದು, ಈಗ ಅದು ಕೊಡುತ್ತಿರುವುದು 14 ಗಂಟೆ ಹಳೆಯದು, ಬೆಳಗಿನ ಹರಾಜಿಗಿಂತ ಎಷ್ಟೋ ಮುಂಚೆ, ಹಿಂದಿನ ರಾತ್ರಿ ತಂದಿಟ್ಟದ್ದು! ಆ ಒಂದು ದಿನ ಮುಗಿಯುವವರೆಗೆ ಅದು ಸರ್ವರನ್ನು ಕೇಳುವುದೇ ಇಲ್ಲ. ನೀವು ಎಷ್ಟು ಸಲ ರಿಫ್ರೆಶ್ ಒತ್ತಿದರೂ ಅಷ್ಟೇ, ಎಷ್ಟೋ ಪ್ರಾಕ್ಸಿಗಳು ಅದಕ್ಕೆ ಕಿವಿಗೊಡುವುದಿಲ್ಲ.

ಅವಧಿ ಮುಗಿದ ಮೇಲೂ ಪ್ರತಿಯನ್ನು ಬಿಸಾಡುವುದಿಲ್ಲ. ಪ್ರತಿಯೊಂದಿಗೆ ಬಂದ ಇ-ಟ್ಯಾಗ್ ಎಂಬ ಗುರುತು ತೋರಿಸಿ 'ನನ್ನ ಹತ್ತಿರ ಇದಿದೆ, ಬದಲಾಗಿದೆಯಾ?' ಎಂದು ಸರ್ವರನ್ನು ಕೇಳುತ್ತದೆ. ಬದಲಾಗಿಲ್ಲದಿದ್ದರೆ ಸರ್ವರ್ 304 ('ಬದಲಾಗಿಲ್ಲ' ಎಂಬ ಸಂಕೇತ) ಎಂದಷ್ಟೇ ಹೇಳುತ್ತದೆ, ಪುಟ ಕಳಿಸುವುದಿಲ್ಲ, ಹಳೇ ಪ್ರತಿಗೇ ಹೊಸ ಆಯಸ್ಸು. ಬದಲಾಗಿದ್ದರೆ 200 ಎಂಬ ಸಂಕೇತದ ಜೊತೆ ಹೊಸ ಪುಟ ಬರುತ್ತದೆ. ಅವಧಿಯನ್ನೇ ಹೇಳದ ಪುಟಗಳೂ ಇವೆ, ಅಲ್ವಾ? ಆಗ ಪ್ರಾಕ್ಸಿ ಅಂದಾಜು ಮಾಡುತ್ತದೆ. ಕೊನೆಗೆ ಬದಲಾಗಿ 10 ದಿನ ಆಗಿದ್ದರೆ ಅದರ ಶೇ. 10, ಅಂದರೆ ಒಂದು ದಿನ ಇಟ್ಟುಕೊಳ್ಳುವುದು ವಾಡಿಕೆ.

ಹಾಗಂತ ಪ್ರಾಕ್ಸಿಯೇ ಬೇಡ ಎನ್ನಬೇಡಿ. ಅದಿಲ್ಲದೆ ಹರಾಜಿನ ಹೊತ್ತಿಗೆ ಸುತ್ತಲಿನ ತಾಲ್ಲೂಕಿನವರೆಲ್ಲ ಒಟ್ಟಿಗೆ ರೇಟು ನೋಡಿದರೆ ಸರ್ವರ್ ಸುಮ್ನೆ ಮಲಗಿಬಿಡುತ್ತದೆ. ತಪ್ಪು ಇರುವುದು ದಿನವೂ ಬದಲಾಗುವ ಪುಟಕ್ಕೆ ಇಡೀ ದಿನದ ಅವಧಿ ಕೊಟ್ಟವರದ್ದು. ರೇಟಿನ ಪುಟದ ಹೆಡರಿನಲ್ಲಿ ಅವರು ನೋ-ಕ್ಯಾಶ್ ಎಂಬ ಸೂಚನೆ ಹಾಕಿದರೆ ಸಾಕು. ಪ್ರತಿ ಇಟ್ಟುಕೊಳ್ಳಲು ಅದು ಅಡ್ಡಿ ಮಾಡುವುದಿಲ್ಲ, ಆದರೆ ಪ್ರಾಕ್ಸಿ ಪ್ರತಿ ಸಲವೂ ಸರ್ವರನ್ನು ಕೇಳಿಯೇ ಕೊಡಬೇಕು. 304 ಉತ್ತರ ತೀರಾ ಚಿಕ್ಕದು, ಹೊರೆಯೂ ಜಾಸ್ತಿ ಆಗುವುದಿಲ್ಲ. ಜೊತೆಗೆ ಬೆಲೆಯ ಪಕ್ಕದಲ್ಲಿ ಅದು ಯಾವ ದಿನದ, ಎಷ್ಟು ಗಂಟೆಯ ರೇಟು ಎಂದು ಹಾಕಲಿ. ಲೋಗೋ, ಫೋಟೊಗಳಿಗೆ ಬೇಕಾದರೆ ಒಂದು ವರ್ಷದ ಅವಧಿ ಇಟ್ಟುಕೊಳ್ಳಲಿ, ಯಾರ ತಕರಾರೂ ಇಲ್ಲ.

– ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವ ಓದುಗ, ಕೋಲಾರ